ಹೊರೆ ಇಳಿಸಿದ ಕಾಗದ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನನ್ನ ಅಮ್ಮ ಹೇಳುತ್ತಾಳೆ, ಗಂಡ ಹೇಳುತ್ತಾನೆ, ಘಾಟ್ಕೋಪರಿನ ನಮ್ಮ ಸೊಸೈಟಿಯ ವಾಚ್‌ಮನ್ ಕೂಡ ಒಮ್ಮೆ ಹೇಳಿದ್ದಾನೆ. ಆದರೆ ಕಸ್ತೂರಿಬಾಯಿಯ ವಿಷಯದಲ್ಲಿ ನನಗೆ ಸಿಟ್ಟು ಬರಲಿಲ್ಲ, ಕರುಣೆ ಬಂತು. ಕೆಟ್ಟದ್ದೆಲ್ಲ ಆ ಕರುಣೆಯಿಂದಲೇ ಶುರುವಾಯಿತು.

ನಾನು ಸಾಧನಾ, ಫಿಸಿಯೋಥೆರಪಿಸ್ಟ್. ವಾರದ ದಿನಗಳಲ್ಲಿ ಘಾಟ್ಕೋಪರ್ ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಮಾಟುಂಗದಲ್ಲಿ, ಒಂದು ಕನ್ನಡ ಸಂಘದ ಕೆಳಗಿನ ಕೋಣೆಯಲ್ಲಿ ಬಿಟ್ಟಿ ಸೇವೆ. ಅಲ್ಲಿಗೆ ಬರುವವರು ಹೆಚ್ಚಾಗಿ ಮೊಣಕಾಲು ಹಿಡಿದುಕೊಂಡ ನಮ್ಮ ಮೈಸೂರು ಕಡೆಯ ಅಜ್ಜಿಯರು. ಅವರಿಗೆ ವ್ಯಾಯಾಮಕ್ಕಿಂತ ಮಾತು ಹೆಚ್ಚು ಬೇಕು, ನನಗೆ ಬೇಗ ಮುಗಿಸಿ ಎದುರಿನ ಹೋಟೆಲಿನ ದೋಸೆ ಬೇಕು. ಹೇಗೋ ನಡೆದುಕೊಂಡು ಹೋಗುತ್ತಿತ್ತು.

ಜುಲೈ ತಿಂಗಳ ಒಂದು ಶನಿವಾರ ಕಸ್ತೂರಿಬಾಯಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಜೊತೆಯಲ್ಲಿ ಕಾಲೇಜಿನ ಬ್ಯಾಗು ತಗುಲಿಸಿಕೊಂಡ ಮಗಳು ಸಪ್ನಾ. ತಾಯಿಯ ತಲೆ ಪೂರ್ತಿ ಎಡಕ್ಕೆ ತಿರುಗಿ ಗಲ್ಲ ಹೆಗಲಿನ ಹತ್ತಿರ ಬಂದಿತ್ತು. ಕತ್ತಿನ ಬಲಗಡೆ ಸ್ನಾಯು ಹಗ್ಗದ ಹಾಗೆ ಉಬ್ಬಿತ್ತು. ನನ್ನ ಮುಖ ನೋಡಬೇಕಾದರೆ ಆಕೆ ಕುರ್ಚಿಯಲ್ಲಿ ಅಡ್ಡ ತಿರುಗಿ ಕೂರಬೇಕಾಯಿತು.

"ಎಷ್ಟು ದಿನದಿಂದ ಹೀಗಿದೆ?"

"ಯುಗಾದಿಯಿಂದ್ರಿ. ಮೊದಲು ಬರೇ ಜಗ್ಗತಿತ್ತು. ಈಗ ನಾ ಬ್ಯಾಡಂದ್ರೂ ತಾನ ತಿರುಗ್ತದ್ರಿ."

"ಏನು ಕೆಲಸ ಮಾಡ್ತೀರಿ?"

"ಬಿಲ್ಡಿಂಗ್ ಕೆಲಸ್ರಿ. ಘಮೇಲಾ ಹೊರೂದು. ಹದಿನಾರು ವರ್ಷ ಆತ್ರಿ."

ಘಮೇಲಾ ಎಂದರೆ ಮರಳು, ಜಲ್ಲಿ, ಕಲಸಿದ ಸಿಮೆಂಟು ತುಂಬಿ ತಲೆಯ ಮೇಲೆ ಹೊರುವ ಕಬ್ಬಿಣದ ಬಾಂಡಲಿ. ಹದಿನಾರು ವರ್ಷ ಅದನ್ನು ಹೊತ್ತ ಕುತ್ತಿಗೆ ಇನ್ನೇನಾದೀತು? ನನಗೆ ಉತ್ತರ ಸಿಕ್ಕಿಬಿಟ್ಟಿತು. ಆಗ ಆಕೆ ಇನ್ನೊಂದು ಮಾತು ಹೇಳಿದಳು.

"ಆದ್ರ ಅಕ್ಕಾರ, ಹೊರಿ ಹೊತ್ತಾಗ ಕುತ್ತಿಗಿ ನೆಟ್ಟಗ ಇರ್ತದ್ರಿ. ಇಳಿಸಿದ ಕೂಡ್ಲೆ ಹೊಳ್ಳಿ ತಿರುಗ್ತದ."

ನಾನು ನಕ್ಕೆ. ಕೆಟ್ಟ ನಗುವಲ್ಲ, ಎಲ್ಲ ತಿಳಿದವರು ನಗುವ ನಗು. ಕೂಲಿಯವರ ಈ ಮಾತು ನನಗೆ ಹೊಸದಲ್ಲ. ರೆಸ್ಟ್ ತಗೊಳ್ಳಿ ಎಂದರೆ ಆ ದಿನದ ಪಗಾರ ಹೋಗುತ್ತದೆ. ಅದಕ್ಕೇ ಎಲ್ಲರೂ ಕೆಲಸ ಮಾಡುವಾಗ ನೋವೇ ಇಲ್ಲ ಎನ್ನುತ್ತಾರೆ. ನಮ್ಮ ಕೇಸ್ ಪೇಪರಿನ ಮೇಲ್ಗಡೆ 'ರೋಗಿ ಹೇಳಿದ್ದು' ಎಂದು ಒಂದು ಜಾಗ ಇರುತ್ತದೆ. ಅಲ್ಲಿ ನಾನು ಬರೆದದ್ದು: ಕುತ್ತಿಗೆ ನೋವು, ಹದಿನಾರು ವರ್ಷ ಭಾರ ಹೊತ್ತದ್ದರಿಂದ. ಆಕೆ ಅದನ್ನು ಹೇಳಿಯೇ ಇರಲಿಲ್ಲ.

ಉಳಿದ ವಿವರ ಸಪ್ನಾ ಹೇಳಿದಳು, ಅರ್ಧ ಹಿಂದಿ ಅರ್ಧ ಕನ್ನಡ. ಯಾದಗಿರಿ ಕಡೆಯ ಒಂದೇ ಊರಿನ ಹದಿನೆಂಟು ಇಪ್ಪತ್ತು ಜನರ ಗ್ಯಾಂಗು. ಮರೆಪ್ಪ ಎಂಬವನು ಮುಕಾದಮ, ಕೆಲಸ ಹಿಡಿದು ಕೊಡುವವನು ಅವನೇ. ಘಾಟ್ಕೋಪರಿನಲ್ಲಿ ಒಂದು ದೊಡ್ಡ ಟವರ್ ಏಳುತ್ತಿದೆ, ಅದರ ಹಿಂದೆ ತಗಡಿನ ಶೆಡ್ಡುಗಳು. ಸೈಟಿನಲ್ಲಿ ಕೆಲಸ ಇದ್ದವರಿಗೆ ಮಾತ್ರ ಶೆಡ್ಡು. ಅಪ್ಪ ಪುಣೆಯಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಸಪ್ನಾ ಕಾಮರ್ಸ್ ಹನ್ನೆರಡನೇ ಕ್ಲಾಸು, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಇಡೀ ಗ್ಯಾಂಗಿನಲ್ಲಿ ಅಲ್ಲಿಯವರೆಗೆ ಬಂದ ಮೊದಲ ಹುಡುಗಿ ಅವಳೇ.

ನಾನು ಮೆತ್ತನೆಯ ಕಾಲರ್ ತೆಗೆದು ಕಸ್ತೂರಿಬಾಯಿಯ ಕತ್ತಿಗೆ ಕಟ್ಟಿದೆ. ಎರಡೇ ನಿಮಿಷಕ್ಕೆ ತಲೆ ನೇರವಾಯಿತು. ನನಗೆ ಹೆಮ್ಮೆಯಾಯಿತು, ನೋಡಿದಿರಾ ಎನ್ನುವ ಹಾಗೆ ಸಪ್ನಾಳ ಕಡೆ ತಿರುಗಿದೆ. ಕಾಲರಿನ ಅಂಚು ಗಲ್ಲಕ್ಕೆ ತಾಕಿದ್ದೇ ಸಾಕಾಯಿತು, ನನ್ನ ಜಾಣತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಆಗ ಯಾರು ಹೇಳಬೇಕು? ಸಂಘದ ಲೆಟರ್‌ಹೆಡ್ ಎಳೆದುಕೊಂಡು ಇಂಗ್ಲಿಷಿನಲ್ಲಿ ಬರೆದೆ: ಈಕೆ ತಲೆಯ ಮೇಲೆ ಯಾವ ಭಾರವನ್ನೂ ಹೊರಕೂಡದು, ಬೇರೆ ಹಗುರದ ಕೆಲಸ ಕೊಡತಕ್ಕದ್ದು. ಸಹಿ, ಸೀಲು.

"ಕಾಗದ ಬ್ಯಾಡ್ರಿ ಅಕ್ಕಾರ," ಎಂದಳು ಕಸ್ತೂರಿಬಾಯಿ. "ಸೈಟಿನವರು ಕಾಗದ ಕಂಡ್ರ ಅಂಜ್ತಾರ."

"ನಿಮಗೆ ಕುತ್ತಿಗೆ ಮುಖ್ಯವೋ, ಘಮೇಲಾ ಮುಖ್ಯವೋ?"

ಸ್ವಂತ ಫ್ಲ್ಯಾಟಿನಲ್ಲಿ ಮಲಗುವವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಆಕೆ ಕಾಗದಕ್ಕೆ ಕೈ ಚಾಚಲಿಲ್ಲವೆಂದು ನಾನು ಅದನ್ನು ಸಪ್ನಾಳ ಕೈಗೆ ಕೊಟ್ಟೆ. "ನೀನು ಓದಿದವಳು, ಸೋಮವಾರವೇ ಸೇಫ್ಟಿ ಆಫೀಸರಿಗೆ ಕೊಡು," ಎಂದೆ. ಹುಡುಗಿ ತಲೆಯಾಡಿಸಿ ಅದನ್ನು ಪುಸ್ತಕದ ನಡುವೆ ಮಡಚದೆ ಇಟ್ಟುಕೊಂಡಳು.

ಆಮೇಲೆ ನಾಲ್ಕು ಶನಿವಾರ ಬಿಸಿ ಶಾಖ ಕೊಟ್ಟೆ, ಎಳೆದೆ, ತಿಕ್ಕಿದೆ, ವ್ಯಾಯಾಮ ಕಲಿಸಿದೆ. ಕುತ್ತಿಗೆ ಕೇಳಲಿಲ್ಲ. ಮೊದಲು ತಿರುಗುತ್ತಿದ್ದದ್ದು ಈಗ ನಡುಗಲೂ ಶುರುವಾಯಿತು. ಕಾಲರ್ ಕಟ್ಟಿದರೆ ಕಾಲು ಗಂಟೆ ನೇರ, ಆಮೇಲೆ ಕಾಲರಿನ ಒಳಗೇ ತಿರುಗಿ ಆಕೆಗೆ ಉಸಿರು ಕಟ್ಟುತ್ತಿತ್ತು.

"ಮನೇಲಿ ವ್ಯಾಯಾಮ ಮಾಡ್ತಿದ್ದೀರಾ?"

"ಮಾಡೀನ್ರಿ."

ನಾನು ನಂಬಲಿಲ್ಲ. ನಮ್ಮ ಕಸುಬಿನಲ್ಲಿ ಇದೊಂದು ಅನುಕೂಲ: ರೋಗಿ ಗುಣವಾದರೆ ನಮ್ಮ ಕೈಗುಣ, ಆಗದಿದ್ದರೆ ಆಕೆ ವ್ಯಾಯಾಮ ಮಾಡಿಲ್ಲ. ನೋವು ಹೆಚ್ಚಾದರೆ ವಾರದ ನಡುವೆ ಘಾಟ್ಕೋಪರಿನ ಕ್ಲಿನಿಕ್ಕಿಗೇ ಬನ್ನಿ, ಸೈಟಿನಿಂದ ಹತ್ತಿರ, ಎಂದು ವಿಳಾಸ ಬರೆದುಕೊಟ್ಟೆ. ಐದನೇ ಶನಿವಾರ ತಾಯಿ ಮಗಳು ಇಬ್ಬರೂ ಬರಲಿಲ್ಲ.

ಆ ಕ್ಲಿನಿಕ್ಕಿನ ಮಾಲೀಕರು ಆ ಹೊತ್ತಿಗೆ ಸ್ನೇಹಲ್ ಎಂಬ ಹೊಸ ಹುಡುಗನನ್ನು ತಂದು ಕೂರಿಸಿದ್ದರು. ಬೋರ್ಡಿನ ಮೇಲೆ ಕೈರೋಪ್ರಾಕ್ಟರ್ ಎಂದಿತ್ತು. ಹಿಂದೆ ಕ್ಷೌರದಂಗಡಿಯಲ್ಲಿ ತಲೆ ಮಾಲೀಶು ಮುಗಿಸಿ ಕತ್ತನ್ನು ಆ ಕಡೆ ಈ ಕಡೆ ಲಟಕ್ಕೆನ್ನಿಸಿ ಕಳಿಸುತ್ತಿದ್ದರಲ್ಲ, ಅದನ್ನೇ ಇವನು ಎ.ಸಿ. ಹಾಕಿಕೊಂಡು ಮಾಡುತ್ತಿದ್ದ ಎಂದು ನಾನು ಎಲ್ಲರೆದುರೂ ಹೇಳುತ್ತಿದ್ದೆ. ಬೆನ್ನು ಹಿಡಿದುಕೊಂಡವರಿಗೆ ಅವನ ಕೈಯಿಂದ ಒಂದಿಷ್ಟು ಹಗುರವಾದದ್ದೂ ಉಂಟು, ಸುಳ್ಳು ಹೇಳಬಾರದು. ಆದರೆ ಅವನಿಗೆ ಹಗುರವಾಗುವುದಕ್ಕಿಂತ ಸದ್ದು ಮುಖ್ಯ. ರೋಗಿಯ ಅಂಗಿಗೆ ಪುಟ್ಟ ಮೈಕು ಸಿಕ್ಕಿಸಿ, ಎದುರಿಗೆ ಫೋನು ನಿಲ್ಲಿಸಿ, ಲಟಕ್ಕೆಂದದ್ದನ್ನು ರೀಲು ಮಾಡಿ ಹಾಕುತ್ತಿದ್ದ. ರೀಲಿಗೆ ಒಪ್ಪಿದವರಿಗೆ ಫೀಸು ಇಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಾನು ಒಳಗೆ ಒಬ್ಬರ ಸೊಂಟಕ್ಕೆ ಶಾಖ ಕೊಟ್ಟು ಹೊರಗೆ ಬಂದರೆ, ಸ್ನೇಹಲನ ಮೇಜಿನ ಮೇಲೆ ಕಸ್ತೂರಿಬಾಯಿ ಅಂಗಾತ ಮಲಗಿದ್ದಳು. ನನ್ನನ್ನು ಹುಡುಕಿಕೊಂಡು ಬಂದವರನ್ನು ಅವನು ರಿಸೆಪ್ಷನ್ನಿನಲ್ಲೇ ಹಿಡಿದಿದ್ದ. ಅಂಥ ತಿರುಗಿದ ಕುತ್ತಿಗೆ ಅವನ ರೀಲಿಗೆ ಹಬ್ಬ. ಆಕೆಯ ಸೀರೆಯ ಸೆರಗಿಗೆ ಮೈಕು ಸಿಕ್ಕಿತ್ತು. ಸಪ್ನಾ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು.

ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ರೋಗಿ ಇವನ ಮೇಜಿನ ಮೇಲೆ! ಮಾಡಿಸಿಕೊಳ್ಳಲಿ, ಆಮೇಲೆ ನನ್ನ ಹತ್ತಿರವೇ ಬರುತ್ತಾರೆ ಎಂದು ಕೈಕಟ್ಟಿ ನಿಂತೆ. ಸ್ನೇಹಲ್ ಒಂದು ಕೈಯನ್ನು ಆಕೆಯ ತಲೆಯ ಹಿಂದೆ ಇಟ್ಟು ಇನ್ನೊಂದು ಕೈಯ ಎರಡು ಬೆರಳನ್ನು ಗಲ್ಲಕ್ಕೆ ತಾಕಿಸಿದ. ತಲೆ ನೇರವಾಯಿತು.

ಅವನು ಇನ್ನೂ ಏನೂ ಮಾಡಿರಲಿಲ್ಲ. ತಿರುಚಿರಲಿಲ್ಲ, ಒತ್ತಿರಲೂ ಇಲ್ಲ. ನಾನು ನಾಲ್ಕು ವಾರ ಮೈಬಲ ಹಾಕಿ ನೂಕಿದರೂ ಬಗ್ಗದ ಸ್ನಾಯು ಎರಡು ಬೆರಳಿನ ಸ್ಪರ್ಶಕ್ಕೆ ಸಡಿಲವಾಗಿ ಮಲಗಿತ್ತು. ಹೊರಿ ಹೊತ್ತಾಗ ನೆಟ್ಟಗ ಇರ್ತದ್ರಿ ಎಂದ ಮಾತು ಆಗ ನನ್ನ ಕಿವಿಗೆ ಬಿತ್ತು, ಎರಡು ತಿಂಗಳು ತಡವಾಗಿ. ಕಾಲೇಜಿನ ಮೂರನೇ ವರ್ಷದಲ್ಲಿ ಓದಿ, ಪರೀಕ್ಷೆ ಬರೆದು, ಮರೆತುಬಿಟ್ಟಿದ್ದ ಒಂದು ಪುಟವೂ ಅದರ ಹಿಂದೆಯೇ ನೆನಪಿಗೆ ಬಂತು.

"ಸಾಂಸ್ ಛೋಡೋ, ಢೀಲಾ," ಉಸಿರು ಬಿಡಿ, ಮೈ ಸಡಿಲ ಬಿಡಿ ಎನ್ನುತ್ತ ಸ್ನೇಹಲ್ ಮೊಣಕೈ ಅಗಲಿಸಿದ. ನಾನು ಓಡಿಹೋಗಿ ಅವನ ಎರಡೂ ಕೈಯ ನಡುವೆ ನನ್ನ ಕೈ ತೂರಿಸಿದೆ.

"ಹಾಥ್ ನಿಕಾಲೋ, ಸ್ನೇಹಲ್."

"ಮೇಡಮ್, ರೆಕಾರ್ಡಿಂಗ್ ಚಾಲೂ ಹೈ."

"ನಿಕಾಲೋ."

ಅವನು ತೆಗೆದ. ಆಕೆಯನ್ನು ಎಬ್ಬಿಸಿ ಕೂರಿಸಿದೆ, ತಲೆ ಎಡಕ್ಕೆ ಹೋಯಿತು. ಕೆನ್ನೆಗೆ ನನ್ನ ಒಂದು ಬೆರಳು ತಾಕಿಸಿದೆ, ನೇರ ಬಂತು. ಬೆರಳು ತೆಗೆದೆ, ಹೋಯಿತು. ಕಾಲಿನ ವ್ಯಾಯಾಮಕ್ಕೆ ಕಟ್ಟುವ ಮರಳಿನ ಚೀಲ ಅಲ್ಲೇ ಇತ್ತು, ಎರಡು ಕಿಲೋದ್ದು. ಅದನ್ನು ಎತ್ತಿ ಆಕೆಯ ನೆತ್ತಿಯ ಮೇಲೆ ಇಟ್ಟೆ. ಕುತ್ತಿಗೆ ನೆಟ್ಟಗೆ ನಿಂತಿತು. ಕಸ್ತೂರಿಬಾಯಿ ಮೊದಲ ಸಲ ಅಡ್ಡ ತಿರುಗದೆ ನನ್ನ ಮುಖ ನೋಡಿದಳು.

"ನಾ ಮೊದಲನೇ ದಿನಾನೇ ಹೇಳಿದ್ನಲ್ರಿ, ಅಕ್ಕಾರ," ಎಂದಳು. ದೂರಿನ ದನಿ ಅದರಲ್ಲಿ ಇರಲಿಲ್ಲ.

ಮೂವರನ್ನೂ ಕೂರಿಸಿ ಹೇಳಿದೆ. ಇದರ ಹೆಸರು ಸರ್ವೈಕಲ್ ಡಿಸ್ಟೋನಿಯಾ. ಎಲುಬು ಜಾಗ ತಪ್ಪಿದ್ದಲ್ಲ, ಭಾರ ಹೊತ್ತು ಸ್ನಾಯು ಸವೆದದ್ದೂ ಅಲ್ಲ. ಕತ್ತಿನ ಸ್ನಾಯುಗಳಿಗೆ ಮೆದುಳಿನಿಂದ ತಪ್ಪು ಹುಕುಂ ಹೋಗುತ್ತಿದೆ, ಅವು ಬೇಡವೆಂದರೂ ಎಳೆಯುತ್ತವೆ. ಗಲ್ಲಕ್ಕೋ ನೆತ್ತಿಗೋ ಏನಾದರೂ ತಾಕಿದರೆ ಒಂದಿಷ್ಟು ಹೊತ್ತು ಸರಿಯಾಗುವುದು ಈ ಕಾಯಿಲೆಯ ಗುರುತು. ಲಟಕ್ಕೆನ್ನಿಸಿದರೆ ಮೆದುಳಿನ ಹುಕುಂ ಬದಲಾಗುವುದಿಲ್ಲ. ಕತ್ತಿನ ಎಲುಬುಗಳೊಳಗಿಂದ ಮೆದುಳಿಗೆ ರಕ್ತನಾಳ ಹೋಗುತ್ತದೆ. ತಾನಾಗಿ ಎಳೆಯುತ್ತಿರುವ ಕುತ್ತಿಗೆಯನ್ನು ಜೋರಾಗಿ ತಿರುಚಿದರೆ ಅದು ಹರಿದರೂ ಹರಿದೀತು.

ಸ್ನೇಹಲನ ಮುಖ ಸಣ್ಣದಾಯಿತು. ತನಗೆ ಇದು ಗೊತ್ತಿರಲಿಲ್ಲ ಎಂದ. ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಗೆ ಬಿತ್ತಂತೆ. ಅವನಾದರೂ ಇವತ್ತು ಮೊದಲ ಸಲ ನೋಡಿದವನು, ನಾನು ಜುಲೈಯಿಂದ ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ಸಪ್ನಾ ಬಾಯಿ ಬಿಟ್ಟಳು. ಕಾಗದ ಕೊಟ್ಟ ದಿನವೇ ಅಮ್ಮನನ್ನು ಘಮೇಲಾ ಸಾಲಿನಿಂದ ತೆಗೆದರಂತೆ. ಎರಡು ವಾರ ಕಸ ಗುಡಿಸಲು ಹಾಕಿದರು, ಆಮೇಲೆ ಅದೂ ಇಲ್ಲ. ಶೆಡ್ಡಿನಲ್ಲಿ ದೀಪಾವಳಿಯವರೆಗೆ ಇರಬಹುದು, ಅದರ ಮೇಲೆ ಊರಿಗೆ ಹೋಗಿ ಎಂದು ಮರೆಪ್ಪ ಹೇಳಿದ್ದಾನೆ.

"ಊರಿಗೆ ಹೋದರೆ ನಿನ್ನ ಪರೀಕ್ಷೆ?"

"ವಹೀ ತೋ, ಮೇಡಮ್," ಅದೇ ಚಿಂತೆ ಎಂದಳು. ಆಮೇಲೆ ಕನ್ನಡಕ್ಕೆ ತಡವರಿಸಿದಳು. "ಲೆಟರ್ ನಾನೇ ಕೊಟ್ಟೆ. ಮಮ್ಮಿ ಬ್ಯಾಡ ಅಂದಿದ್ಲು. ಆದ್ರೂ ಕೊಟ್ಟೆ."

ನಾನು ಅವಳ ಹೆಗಲು ಹಿಡಿದುಕೊಂಡು ಮಾತು ಕೊಟ್ಟೆ. ದೀಪಾವಳಿಯೊಳಗೆ ಅಮ್ಮನ ಕುತ್ತಿಗೆ ನೆಟ್ಟಗೆ ಮಾಡಿಸುತ್ತೇನೆ, ನಾನೇ ಸೈಟಿಗೆ ಬಂದು ಹೊಸ ಕಾಗದ ಕೊಡುತ್ತೇನೆ, ಕೆಲಸವೂ ಶೆಡ್ಡೂ ಹೋಗುವುದಿಲ್ಲ ಎಂದೆ. ಅವಳು ನಂಬಿದಳು. ನಾನು ಇಂಗ್ಲಿಷಿನಲ್ಲಿ ಬರೆದದ್ದನ್ನೂ ಅವಳು ಹಾಗೆಯೇ ನಂಬಿದ್ದಳು.

ಇದಕ್ಕೆ ಮದ್ದು ಉಂಟು. ಎಳೆಯುವ ಸ್ನಾಯುವಿಗೆ ಬೊಟುಲಿನಮ್ ಎಂಬ ಇಂಜೆಕ್ಷನ್ ಕೊಟ್ಟು ಅದನ್ನು ಸ್ವಲ್ಪ ಸುಸ್ತು ಮಾಡುತ್ತಾರೆ. ಪರಿಣಾಮ ಮೂರು ತಿಂಗಳು, ಆಮೇಲೆ ಮತ್ತೆ ಕೊಡಬೇಕು. ಅದು ಕೆಲಸ ಮಾಡುವಾಗ ನಮ್ಮ ವ್ಯಾಯಾಮಕ್ಕೂ ಅರ್ಥ ಬರುತ್ತದೆ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಉದ್ದ. ಅಲ್ಲಿ ನರರೋಗ ವಿಭಾಗದಲ್ಲಿದ್ದ ಹಳೆಯ ಪರಿಚಯದ ಡಾಕ್ಟರರಿಗೆ ದಿನಕ್ಕೆರಡು ಸಲ ಫೋನು ಮಾಡಿ ಪ್ರಾಣ ತಿಂದೆ. ಅವರು ಆಕೆಯನ್ನು ನೋಡಿ ಹೌದೆಂದರು. "ಈ ಕಾಯಿಲೆಯಲ್ಲಿ ನಾವು ಪತ್ತೆ ಹಚ್ಚುವುದೇನೂ ಇಲ್ಲ, ಏನು ಮಾಡಿದರೆ ನೇರ ಬರುತ್ತೆ ಅಂತ ರೋಗಿಗಳೇ ಹೇಳಿರುತ್ತಾರೆ," ಎಂದರು. ನಾನು ನೆಲ ನೋಡಿದೆ.

ಇಂಜೆಕ್ಷನ್ ಸಿಕ್ಕಾಗ ದೀಪಾವಳಿಗೆ ನಾಲ್ಕೇ ದಿನ ಉಳಿದಿತ್ತು. ಹಬ್ಬ ಬಂತು, ಹೋಯಿತು, ಕುತ್ತಿಗೆ ಇನ್ನೂ ತಿರುಗುತ್ತಲೇ ಇತ್ತು. ಎರಡು ವಾರ ಬೇಕು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ನಾನು ಮಾತು ಕೊಡುವಾಗ ಆ ಲೆಕ್ಕ ಹಿಡಿದಿರಲಿಲ್ಲ. ಮರೆಪ್ಪನಿಗೆ ಫೋನು ಮಾಡಿ ಇನ್ನೆರಡು ವಾರ ಶೆಡ್ಡು ಬಿಡಿಸಬೇಡಿ ಎಂದು ಕೇಳಿಕೊಂಡೆ. "ಏನರ ಮಾಡ್ತೀನ್ರಿ ಅಕ್ಕಾರ, ನಮ್ಮೂರ ಹೆಣ್ಮಗಳು," ಎಂದ.

ನವೆಂಬರಿನ ಮೊದಲ ಶನಿವಾರ ಮಾಟುಂಗಕ್ಕೆ ಕಸ್ತೂರಿಬಾಯಿ ಒಬ್ಬಳೇ ಬಂದಳು. ಕನ್ನಡಿಯ ಎದುರು ಕೂರಿಸಿದೆ. ಬೆರಳನ್ನು ಕೆನ್ನೆಗೆ ಇಟ್ಟುಕೊಂಡು ಬಲಕ್ಕೆ ತಿರುಗುವುದು, ಮಧ್ಯಕ್ಕೆ ಬರುವುದು, ಮೆಲ್ಲಗೆ ಬೆರಳು ತೆಗೆಯುವುದು. ಬೆರಳು ತೆಗೆದ ಮೇಲೂ ಕುತ್ತಿಗೆ ಅಲ್ಲೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಕನ್ನಡಿಯೊಳಗೆ ನನ್ನನ್ನೇ ನೋಡುತ್ತಿದ್ದ ಆ ನೇರ ಮುಖ ನೋಡಿ ನನಗೆ ಅಳು ಬಂತು, ಅತ್ತೆ. ಆಕೆ ಅಳಲಿಲ್ಲ.

"ಸಪ್ನಾ ಬರಲಿಲ್ವಾ?"

"ಆಕೀಗ ಬರಾಕ ಆಗಲಿಲ್ರಿ."

ಪರೀಕ್ಷೆ ಹತ್ತಿರ ಬಂತು, ಓದುತ್ತಿರಬೇಕು ಎಂದುಕೊಂಡೆ. ಅವತ್ತೇ ಎರಡನೇ ಕಾಗದ ಬರೆದೆ. ಕಾಯಿಲೆಯ ಹೆಸರು, ಕೊಟ್ಟ ಚಿಕಿತ್ಸೆ, ಈಗ ಈಕೆ ಕೆಲಸ ಮಾಡಬಲ್ಲಳು, ಮೊದಲಿನ ಕಾಗದವನ್ನು ಹಿಂದಕ್ಕೆ ಪಡೆದಿದ್ದೇನೆ. ಸೋಮವಾರ ನಾನೇ ತರುತ್ತೇನೆ ಎಂದಾಗ ಆಕೆ ಏನೋ ಹೇಳಲು ಹೋಗಿ, "ಬರ್ರಿ," ಎಂದಷ್ಟೇ ಅಂದಳು.

ಸೈಟಿನ ಗೇಟಿನಲ್ಲಿ ಮರೆಪ್ಪ ಸಿಕ್ಕ. ಸೇಫ್ಟಿ ಆಫೀಸರನ ಕ್ಯಾಬಿನ್ನಿಗೆ ಅವನೇ ಕರೆದುಕೊಂಡು ಹೋದ. ಆಫೀಸರ್ ಮೂವತ್ತರ ಯುವಕ, ತಾಳ್ಮೆಯವನು. ನನ್ನ ಎರಡೂ ಕಾಗದವನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದ. ಆಮೇಲೆ ಹಿಂದಿಯಲ್ಲಿ ಕೇಳಿದ: ಮೇಡಮ್, ಜುಲೈಯಲ್ಲಿ ಹೊರಬಾರದು ಅಂತ ಬರೆದಿದ್ದೀರಿ, ಈಗ ಹೊರಬಹುದು ಅಂತೀರಿ, ನಡುವೆ ಮೆದುಳಿನ ಕಾಯಿಲೆ ಅಂತಲೂ ಇದೆ, ನಾಳೆ ಒಂಬತ್ತನೇ ಮಹಡಿಯಿಂದ ಈಕೆ ಬಿದ್ದರೆ ನಾನು ಯಾವ ಕಾಗದ ತೋರಿಸಲಿ?

ಅವನು ಹೇಳಿದ್ದು ತಪ್ಪಾಗಿದ್ದರೆ ಜಗಳವಾಡಬಹುದಿತ್ತು, ಜಗಳ ನನಗೆ ಬರುತ್ತದೆ. ತಪ್ಪಿರಲಿಲ್ಲ. ಹೊರಗೆ ಬಂದು ಮರೆಪ್ಪನನ್ನು ಕೇಳಿದೆ:

"ಹಾಗಾದರೆ ಶೆಡ್ಡು?"

"ಶೆಡ್ಡಿಂದು ಚಿಂತಿ ಬಿಡ್ರಿ ಅಕ್ಕಾರ. ಅದು ಈಗ ಸಪ್ನಾನ ಹೆಸರಿಗಿ ಆಗ್ಯದ."

ಅರ್ಧ ನಿಮಿಷ ನನಗೆ ಖುಷಿಯಾಯಿತು. ಅವನು ಮುಂದುವರಿಸಿದ.

"ಹಬ್ಬದ ಮುಂದ ಹದಿನೆಂಟು ತುಂಬ್ಯಾವ್ರಿ ಆಕೀಗಿ. ಆಧಾರ್ ನೋಡೇ ತೊಗೊಂಡಾರ."

ಅವನು ಕೈ ತೋರಿಸಿದ ಕಡೆ ನೋಡಿದೆ. ಮರಳಿನ ರಾಶಿಯಿಂದ ಲಿಫ್ಟಿನವರೆಗೆ ಹೆಂಗಸರ ಸಾಲು ನಡೆಯುತ್ತಿತ್ತು. ನಾಲ್ಕನೆಯವಳು ಸಪ್ನಾ. ಚೂಡಿದಾರದ ಮೇಲೆ ಸೈಟಿನ ಕಿತ್ತಳೆ ಜಾಕೆಟ್ಟು, ನೆತ್ತಿಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ತುಂಬಿದ ಘಮೇಲಾ. ಹೊಸಬಳು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಹೆಗಲು ಎರಡೂ ಕಿವಿಯ ಕಡೆ ಎದ್ದಿದ್ದವು, ಕುತ್ತಿಗೆಯನ್ನು ಹೆದರಿಕೆಯಿಂದ ಬಿಗಿಹಿಡಿದಿದ್ದಳು.

ಕಸ್ತೂರಿಬಾಯಿ ಶೆಡ್ಡಿನಿಂದ ಬಂದಳು. ಕೈಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು. ಈಗ ಗ್ಯಾಂಗಿನವರಿಗೆಲ್ಲ ರೊಟ್ಟಿ ಬಡಿಯುವ ಕೆಲಸ ಆಕೆಯದು. ತಲೆ ನೇರವಾಗಿಯೇ ಇತ್ತು.

"ಪರೀಕ್ಷೆ?" ಎಂದೆ.

"ಮುಂದಿನ ವರ್ಷ ಬರೀತಾಳಂತ್ರಿ." ನಂಬದವರು ಹೇಳುವ ಹಾಗೆ ಹೇಳಿದಳು.

"ತಪ್ಪು ನನ್ನದು, ಕಸ್ತೂರಿಬಾಯಿ. ನೀವು ಹೇಳಿದ್ದನ್ನ ನಾನು ಬರಕೊಳ್ಳಲಿಲ್ಲ."

"ಇರ್ಲಿ ಬಿಡ್ರಿ. ನೀವು ಛಲೋ ಮಾಡಾಕೇ ಹೋದ್ರಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, ಜನವರಿಯಲ್ಲಿ ಎರಡನೇ ಇಂಜೆಕ್ಷನ್ ಇದೆ, ತಾರೀಖು ನಾನೇ ತೆಗೆಸುತ್ತೇನೆ ಎಂದೆ.

"ಬ್ಯಾಡ್ರಿ ಅಕ್ಕಾರ."

"ಬಿಟ್ಟರೆ ಮತ್ತೆ ತಿರುಗುತ್ತೆ."

"ತಿರುಗಲಿ ಬಿಡ್ರಿ." ಆಕೆ ಹೆಂಗಸರ ಸಾಲಿನ ಕಡೆಯೇ ನೋಡುತ್ತಿದ್ದಳು. "ಈಗ ದಿನಾ ನೆಟ್ಟಗ ಕುಂತು ಆಕೀನ್ನ ನೋಡಬೇಕಾಗ್ಯದ್ರಿ."

ಸಪ್ನಾ ನಮ್ಮ ಮುಂದೆಯೇ ದಾಟಿ ಹೋದಳು. ತಲೆಯ ಮೇಲೆ ಹೊರೆ ಇತ್ತು, ನಮ್ಮ ಕಡೆ ತಿರುಗಲು ಅವಳಿಗೆ ಆಗಲಿಲ್ಲ.